ಎಸ್‌ಟಿಪಿ ನಾರುತ್ತಿದೆಯಾ? ಬ್ಯಾಕ್ಟೀರಿಯಾ ಪುಡಿ ತರಿಸುವ ಮೊದಲು ಇಷ್ಟು ನೋಡಿ

ಅಪಾರ್ಟ್‌ಮೆಂಟಿನ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ, ಕೈಕೊಟ್ಟ ಕೂಡಲೇ ಬರುವ ಮೊದಲ ಸಲಹೆ ಯಾವಾಗಲೂ ಒಂದೇ: "ಒಂದಷ್ಟು ಕಲ್ಚರ್ ಹಾಕಿಸಿಬಿಡಿ." ಬ್ಯಾಕ್ಟೀರಿಯಾ ಪುಡಿಯ ಡಬ್ಬ ಬರುತ್ತದೆ, ಜೊತೆಗೆ ಬಿಲ್ಲೂ ಬರುತ್ತದೆ. ಸ್ವಲ್ಪ ದಿನ ಎಲ್ಲರೂ ಸುಮ್ಮನಿರುತ್ತಾರೆ. ಆಮೇಲೆ ಮತ್ತೆ ಅದೇ ವಾಸನೆ, ಫ್ಲಶ್ ಟ್ಯಾಂಕಿನಲ್ಲಿ ಅದೇ ಕಲಕು ನೀರು.

ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಕೊಳಚೆ ನೀರಿನ ಜೊತೆಗೇ ದಿನಾ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ ಬರುತ್ತಲೇ ಇರುತ್ತವೆ. ಅವಕ್ಕೆ ಬರ ಇಲ್ಲ. ಕೆಟ್ಟಿರುವುದು ಅವು ಬದುಕುವ ಜಾಗ. ಗಾಳಿ ಸಾಲುತ್ತಿಲ್ಲ, ಇಲ್ಲವೇ ಯಾರೋ ವಿಷ ಸುರಿದಿದ್ದಾರೆ, ಇಲ್ಲವೇ ಊಟದ ಲೆಕ್ಕ ತಪ್ಪಿದೆ, ಇಲ್ಲವೇ ನೀರು ಹುಳಿಯಾಗಿದೆ. ಜಾಗ ಸರಿಮಾಡದೆ ಹೊಸ ಬ್ಯಾಕ್ಟೀರಿಯಾ ಬಿಟ್ಟರೆ ಅವೂ ಹಳೆಯವುಗಳ ದಾರಿಯನ್ನೇ ಹಿಡಿಯುತ್ತವೆ.

ಬೆಂಗಳೂರಿನಂಥ ಊರುಗಳ ಅಪಾರ್ಟ್‌ಮೆಂಟುಗಳಲ್ಲಿರುವ ಏರೇಶನ್ ಟ್ಯಾಂಕ್ (ಕೊಳಚೆಗೆ ಗಾಳಿ ಊದುವ ಟ್ಯಾಂಕ್) ಇರುವ ಎಸ್‌ಟಿಪಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಎಂಬಿಬಿಆರ್, ಎಸ್‌ಬಿಆರ್ ಎಂಬ ಬೇರೆ ಬಗೆಯ ಪ್ಲಾಂಟ್ ಇದ್ದವರಿಗೂ ಮುಕ್ಕಾಲು ಭಾಗ ಅನ್ವಯಿಸುತ್ತದೆ. ಪದ್ಧತಿ ಹೊಸದೇನಲ್ಲ. 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು ಕೊಳಚೆಗೆ ಗಾಳಿ ಊದಿದರು, ತಳದಲ್ಲಿ ಕೂತ ಕೆಸರನ್ನು ಎಸೆಯದೆ ಮುಂದಿನ ಸುತ್ತಿಗೂ ಉಳಿಸಿಕೊಂಡರು. ಕೆಸರು ಉಳಿಸಿಕೊಂಡಷ್ಟೂ ನೀರು ಬೇಗ ಶುದ್ಧವಾಯಿತು. ಆ ಕೆಸರೇ ನಮ್ಮ ಸ್ಲಡ್ಜ್, ಅಂದರೆ ಬ್ಯಾಕ್ಟೀರಿಯಾಗಳ ಗುಂಪು. ಇವತ್ತಿಗೂ ನಾವು ಮಾಡುತ್ತಿರುವುದು ಅದನ್ನೇ.

ಶುರು ಮಾಡುವ ಮೊದಲು ಒಂದು ಮಾತು. ಟ್ಯಾಂಕಿನೊಳಗೆ ಯಾರನ್ನೂ ಇಳಿಸಬೇಡಿ, "ಎರಡೇ ನಿಮಿಷ" ಅಂದರೂ ಬೇಡ. ಕೊಳೆತ ಸ್ಲಡ್ಜ್‌ನಿಂದ ಬರುವ ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದಾಗ ಮೂಗಿಗೇ ಗೊತ್ತಾಗುವುದಿಲ್ಲ, ವಾಸನೆ ಹಿಡಿಯುವ ಶಕ್ತಿಯನ್ನೇ ಅದು ಮೊದಲು ಕಿತ್ತುಕೊಳ್ಳುತ್ತದೆ. ರಕ್ಷಣೆ ಇಲ್ಲದೆ ಮನುಷ್ಯರನ್ನು ಹೀಗೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಕೆಳಗಿನ ಪರೀಕ್ಷೆಗಳನ್ನೆಲ್ಲ ಮೇಲೆ ನಿಂತೇ ಮಾಡಬಹುದು.

ಮೊದಲು ಕಣ್ಣು, ಮೂಗು

ಏರೇಶನ್ ಟ್ಯಾಂಕಿನಿಂದ ಒಂದು ಮಗ್ ನೀರು ತೆಗೆದು ಬೆಳಕಿಗೆ ಹಿಡಿಯಿರಿ. ಚಾಕೊಲೇಟ್ ಕಂದು ಬಣ್ಣ, ಒದ್ದೆ ಮಣ್ಣಿನ ವಾಸನೆ ಇದ್ದರೆ ಬ್ಯಾಕ್ಟೀರಿಯಾ ಆರಾಮಾಗಿವೆ, ತೊಂದರೆ ಬೇರೆಲ್ಲೋ ಇದೆ. ಕಪ್ಪು ಬಣ್ಣ, ಕೊಳೆತ ಮೊಟ್ಟೆಯ ವಾಸನೆ ಇದ್ದರೆ ಗಾಳಿ ಸಾಲುತ್ತಿಲ್ಲ. ತೆಳು ಮಣ್ಣಿನ ಬಣ್ಣ, ಮೇಲೆ ಬಿಳಿ ನೊರೆ ಇದ್ದರೆ ಸ್ಲಡ್ಜ್ ತುಂಬಾ ಎಳೆಯದು ಅಥವಾ ಕಡಿಮೆ ಇದೆ. ದಪ್ಪ, ಜಿಡ್ಡು ಜಿಡ್ಡಾದ ಕಂದು ನೊರೆ ಪೊರಕೆಯಿಂದ ತಳ್ಳಿದರೂ ಕದಲುವುದಿಲ್ಲ ಅಂದರೆ ಸ್ಲಡ್ಜ್ ಮುದಿಯಾಗಿದೆ. ಅಡುಗೆ ಎಣ್ಣೆಯ ಜಿಡ್ಡೂ ಸೇರಿಕೊಂಡಿರುತ್ತದೆ.

ಬಿಳಿ ನೊರೆ ಕಂಡ ತಕ್ಷಣ ನೊರೆ ಮುರಿಯುವ ಔಷಧಿ ಹಾಕುವ ಅಭ್ಯಾಸ ಕೆಲವರಿಗಿದೆ. ಅದರಿಂದ ನೊರೆ ಕಾಣುವುದು ನಿಲ್ಲುತ್ತದೆ ಅಷ್ಟೇ. ಬಟ್ಟೆ ಸೋಪಿನ ಪುಡಿಯಲ್ಲಿರುವ ನೊರೆಯ ಅಂಶವನ್ನು ಬ್ಯಾಕ್ಟೀರಿಯಾಗಳು ಚೆನ್ನಾಗಿಯೇ ತಿನ್ನುತ್ತವೆ. ಆದರೆ ಆಮ್ಲಜನಕ ಇದ್ದರೆ ಮಾತ್ರ. ಆಮ್ಲಜನಕ ಇಲ್ಲದ ಕಡೆ ಅದು ಹಾಗೇ ಉಳಿದು ಕೆಸರಿಗೆ ಅಂಟಿಕೊಳ್ಳುತ್ತದೆ. ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ದೊಡ್ಡ ಮಳೆ ಬಂದಾಗ ನೊರೆ ಉಕ್ಕುತ್ತಿದ್ದದ್ದರ ಹಿಂದೆ ಇದೂ ಒಂದು ಕಾರಣ. ತಳದ ಕೆಸರು ಕದಡಿದಾಗ ಅಲ್ಲಿ ಸೇರಿಕೊಂಡಿದ್ದ ನೊರೆಯ ಅಂಶ ಮೇಲೆ ಬರುತ್ತದೆ.

ಬಾಟಲಿ ಪರೀಕ್ಷೆ

ನನ್ನನ್ನು ಕೇಳಿದರೆ ಪೂರ್ತಿ ಲ್ಯಾಬ್ ರಿಪೋರ್ಟಿಗಿಂತ ಇದು ಹೆಚ್ಚು ಉಪಯೋಗ. ಬೇಕಾದದ್ದು ಒಂದು ಡಿಒ ಮೀಟರ್ (ನೀರಿನಲ್ಲಿ ಕರಗಿದ ಆಮ್ಲಜನಕ, ಅಂದರೆ ಡಿಒ ಅಳೆಯುವ ಉಪಕರಣ), ಅಗಲ ಬಾಯಿಯ ಬಾಟಲಿ, ಇನ್ನೊಂದು ಚಿಕ್ಕ ಬಾಟಲಿ, ಗಡಿಯಾರ.

ಏರೇಶನ್ ಟ್ಯಾಂಕಿನ ನೀರನ್ನು ಅರ್ಧ ಬಾಟಲಿ ತುಂಬಿ, ಮುಚ್ಚಳ ಹಾಕಿ ಚೆನ್ನಾಗಿ ಕುಲುಕಿ. ಹೊರಗಿನ ಗಾಳಿ ಸೇರಿ ಆಮ್ಲಜನಕ ಏರುತ್ತದೆ. ಅದನ್ನು ಚಿಕ್ಕ ಬಾಟಲಿಗೆ ಬಾಯಿಮಟ್ಟ ಸುರಿದು, ಮೀಟರಿನ ಪ್ರೋಬ್ ಇಳಿಸಿ, ಮೆಲ್ಲಗೆ ತಿರುಗಿಸುತ್ತಾ ಪ್ರತಿ ನಿಮಿಷಕ್ಕೊಮ್ಮೆ ಅಂಕಿ ಬರೆದುಕೊಳ್ಳಿ. ಆರೋಗ್ಯವಾಗಿರುವ ಸ್ಲಡ್ಜ್ ನಿಮಿಷಕ್ಕೆ ಲೀಟರಿಗೆ 0.3ರಿಂದ 0.5 ಮಿಲಿಗ್ರಾಂ ಆಸುಪಾಸು ಆಮ್ಲಜನಕ ಕುಡಿಯುತ್ತದೆ. 5ರಲ್ಲಿದ್ದ ಅಂಕಿ ಹತ್ತು ನಿಮಿಷಕ್ಕೆ 1ರ ಹತ್ತಿರ ಬಂದರೆ ಒಳಗಿನವರು ಚುರುಕಾಗಿದ್ದಾರೆ ಅಂತಲೇ ಅರ್ಥ.

ಅಂಕಿ ಸರಸರ ಇಳಿಯುತ್ತದೆ, ಆದರೆ ಟ್ಯಾಂಕಿನೊಳಗೆ ಡಿಒ ಸೊನ್ನೆಯ ಹತ್ತಿರ ಇದೆ ಅಂದರೆ ಬ್ಯಾಕ್ಟೀರಿಯಾ ಬದುಕಿವೆ, ಗಾಳಿ ಸಾಲುತ್ತಿಲ್ಲ. ನೇರವಾಗಿ ಬ್ಲೋವರ್, ಅಂದರೆ ಗಾಳಿ ಊದುವ ಯಂತ್ರದ ಕಡೆ ಹೋಗಿ.

ಅಂಕಿ ಇಳಿಯುವುದೇ ಇಲ್ಲ, ಟ್ಯಾಂಕಿನಲ್ಲಿ ಡಿಒ 5, 6 ತೋರಿಸುತ್ತಿದೆ. ಇದನ್ನು ನೋಡಿ ಖುಷಿಪಡುವವರನ್ನು ಕಂಡಿದ್ದೇನೆ. "ಸರ್, ಡಿಒ ಸೂಪರ್ ಇದೆ, ಆದರೂ ನೀರು ಯಾಕೋ ಸರಿ ಬರ್ತಿಲ್ಲ" ಅಂತ ಆಪರೇಟರ್ ಹೇಳಿದರೆ ನನಗೆ ಮೊದಲು ಬರುವುದೇ ಅನುಮಾನ. ಕುಡಿಯುವವರೇ ಇಲ್ಲದಿದ್ದರೆ ಆಮ್ಲಜನಕ ಮಿಕ್ಕೇ ಮಿಗುತ್ತದೆ, ಅಲ್ವಾ? ಈಗ ಅದೇ ಬಾಟಲಿಗೆ ನಾಲ್ಕು ಚಮಚ ಹಸಿ ಕೊಳಚೆ, ಅಂದರೆ ಬಂದ ಕೊಳಚೆ ಮೊದಲು ಸೇರುವ ಈಕ್ವಲೈಸೇಶನ್ ಟ್ಯಾಂಕಿನ ನೀರು ಸೇರಿಸಿ ಮತ್ತೆ ಅಳೆಯಿರಿ. ಇಳಿಯುವ ವೇಗ ಹೆಚ್ಚಾದರೆ ಅವಕ್ಕೆ ಹಸಿವು, ಊಟ ಸಾಲುತ್ತಿರಲಿಲ್ಲ. ಹೆಚ್ಚಾಗದಿದ್ದರೆ ವಿಷ. ಇದ್ದ ಸ್ವಲ್ಪ ವೇಗವೂ ಕೊಳಚೆ ಸೇರಿಸಿದ ಮೇಲೆ ತಗ್ಗಿದರೆ ವಿಷ ಈಗಲೂ ಬರುತ್ತಿರುವ ನೀರಿನಲ್ಲೇ ಇದೆ.

ಗಾಳಿ

ಹತ್ತರಲ್ಲಿ ಆರೇಳು ದೂರುಗಳು ಇಲ್ಲಿಗೇ ಬಂದು ನಿಲ್ಲುತ್ತವೆ. ಎಸ್‌ಟಿಪಿಯ ಕರೆಂಟ್ ಬಿಲ್ಲಿನಲ್ಲಿ ದೊಡ್ಡ ಪಾಲು ಬ್ಲೋವರಿನದು. ಹಾಗಾಗಿ ಖರ್ಚು ಕಡಿತದ ಮಾತು ಬಂದಾಗ ಎಲ್ಲರ ಕಣ್ಣು ಮೊದಲು ಅದರ ಮೇಲೇ ಬೀಳುತ್ತದೆ. "ರಾತ್ರಿ ಯಾರೂ ನೀರು ಬಳಸಲ್ವಲ್ಲ, ಆಫ್ ಮಾಡೋಣ" ಅನ್ನುತ್ತಾರೆ. ಬ್ಯಾಕ್ಟೀರಿಯಾಗಳಿಗೆ ರಾತ್ರಿ ಹಗಲು ಇಲ್ಲ. ಬ್ಲೋವರ್ ನಿಂತರೆ ನೀರಿನಲ್ಲಿರುವ 2 ಮಿಲಿಗ್ರಾಂ ಆಮ್ಲಜನಕ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಮೇಲಿನ ಲೆಕ್ಕವೇ ಹೇಳುತ್ತದೆ ನೋಡಿ. ಅರ್ಧ ಗಂಟೆ ನಿಂತರೆ ಏನೂ ಆಗುವುದಿಲ್ಲ. ರಾತ್ರಿಯಿಡೀ ನಿಂತರೆ ಸ್ಲಡ್ಜ್ ತಳ ಸೇರಿ ಕೊಳೆಯುತ್ತದೆ. ಬೆಳಗ್ಗೆ ಬ್ಲೋವರ್ ಹಾಕಿದಾಗ ಆ ಗ್ಯಾಸೆಲ್ಲ ಒಟ್ಟಿಗೆ ಮೇಲೆ ಬಂದು, ವಾಕಿಂಗ್ ಹೊರಟವರ ಮೂಗಿಗೆ ಬಡಿಯುತ್ತದೆ.

ಡಿಒ ಅಳೆಯುವ ಹೊತ್ತೂ ಮುಖ್ಯ. ಮಧ್ಯಾಹ್ನ ಮೂರಕ್ಕೆ ಅಳೆದರೆ ಎಲ್ಲ ಪ್ಲಾಂಟೂ ಪಾಸ್. ಮನೆಮನೆಯ ಸ್ನಾನ, ಟಾಯ್ಲೆಟ್, ಅಡುಗೆ ಎಲ್ಲ ಒಟ್ಟಿಗೆ ಬಂದು ಬೀಳುವ ಬೆಳಗಿನ ಹೊತ್ತಿನಲ್ಲಿ ಅಳೆಯಿರಿ. ಒಂದೇ ಮೂಲೆಯಲ್ಲಿ ಅಲ್ಲ, ಮೂರು ನಾಲ್ಕು ಕಡೆ, ಮೇಲೂ ಕೆಳಗೂ. ಎಲ್ಲಿಯೂ 2ಕ್ಕಿಂತ ಕೆಳಗಿಳಿಯಬಾರದು.

ಕಡಿಮೆ ಬಂದರೆ ನೀರಿನ ಮೇಲ್ಮೈ ನೋಡಿ. ಎಲ್ಲ ಕಡೆ ಸಣ್ಣ ಗುಳ್ಳೆ ಸಮನಾಗಿ ಬರುತ್ತಿದ್ದರೆ ತಳದಲ್ಲಿ ಗುಳ್ಳೆ ಬಿಡುವ ಡಿಫ್ಯೂಸರ್ ಸರಿ ಇದೆ. ಒಂದು ಕಡೆ ಮಾತ್ರ ನೀರು ಕೊತಕೊತ ಕುದಿಯುವ ಹಾಗೆ ಕಂಡರೆ ಅಲ್ಲಿ ಡಿಫ್ಯೂಸರಿನ ಪೊರೆ (ಮೆಂಬ್ರೇನ್) ಹರಿದಿದೆ ಅಥವಾ ಪೈಪ್ ಬಿಟ್ಟುಕೊಂಡಿದೆ, ಗಾಳಿಯೆಲ್ಲ ಆ ತೂತಿನಲ್ಲೇ ಹೋಗುತ್ತಿದೆ. ಒಂದು ಭಾಗ ಪೂರ್ತಿ ನಿಶ್ಶಬ್ದವಾಗಿದ್ದರೆ ಅಲ್ಲಿ ಡಿಫ್ಯೂಸರ್ ಕಟ್ಟಿಕೊಂಡಿದೆ. ಬ್ಲೋವರಿನ ಪ್ರೆಷರ್ ಗೇಜ್ ಮೊದಲಿಗಿಂತ ಮೇಲೆ ತೋರಿಸಿದರೂ ಅದೇ ಅರ್ಥ. ಗೇಜ್ ಕೆಳಗಿದ್ದರೆ ಬೆಲ್ಟ್ ಸಡಿಲ, ಏರ್ ಫಿಲ್ಟರ್ ಕೊಳೆ, ಇಲ್ಲವೇ ಲೈನಿನಲ್ಲಿ ಸೋರಿಕೆ. ಏರ್ ಫಿಲ್ಟರ್ ತೊಳೆದದ್ದರಿಂದಲೇ ಡಿಒ ಸರಿಹೋದ ಪ್ಲಾಂಟುಗಳಿವೆ. ನಾಲ್ಕು ಸ್ಕ್ರೂ ಬಿಚ್ಚುವ ಕೆಲಸ.

ಬೇಸಿಗೆಯ ಲೆಕ್ಕ ಬೇರೆ. 20 ಡಿಗ್ರಿ ನೀರಿನಲ್ಲಿ ಸಮುದ್ರ ಮಟ್ಟದಲ್ಲಿ ಲೀಟರಿಗೆ 9 ಮಿಲಿಗ್ರಾಂ ಆಮ್ಲಜನಕ ಕರಗುತ್ತದೆ, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಬೆಂಗಳೂರು ಇರುವುದು 900 ಮೀಟರಿಗೂ ಮೇಲೆ, ಇಲ್ಲಿ ಗಾಳಿಯ ಒತ್ತಡವೇ ಸುಮಾರು ಹತ್ತನೇ ಒಂದು ಭಾಗ ಕಡಿಮೆ. ಹಾಗಾಗಿ ಏಪ್ರಿಲಿನಲ್ಲಿ ನಮ್ಮ ಟ್ಯಾಂಕಿನ ನೀರು ಹಿಡಿದಿಟ್ಟುಕೊಳ್ಳುವುದೇ ಏಳಕ್ಕಿಂತ ಕಡಿಮೆ. ಅದೇ ಹೊತ್ತಿಗೆ ಸೆಕೆಗೆ ಬ್ಯಾಕ್ಟೀರಿಯಾಗಳ ಹಸಿವು ಜಾಸ್ತಿಯಾಗಿರುತ್ತದೆ. ಜನವರಿಯಲ್ಲಿ ಒಂದು ಬ್ಲೋವರಿನಲ್ಲಿ ನಡೆದ ಪ್ಲಾಂಟ್ ಏಪ್ರಿಲಿನಲ್ಲಿ ಅಷ್ಟಕ್ಕೇ ಸೋತರೆ ಯಾರದೂ ತಪ್ಪಲ್ಲ, ಸ್ಟ್ಯಾಂಡ್‌ಬೈ ಬ್ಲೋವರ್ ಕೆಲವು ಗಂಟೆ ಜೊತೆಗೆ ಓಡಿಸಿ.

ವಿಷ

ಬಾಟಲಿ ಪರೀಕ್ಷೆ ವಿಷ ಅಂದರೆ ಪತ್ತೇದಾರಿ ಕೆಲಸ ಶುರು. ಮನೆಗಳಲ್ಲಿ ಒಂದು ಮುಚ್ಚಳ ಫಿನಾಯಿಲ್, ಸ್ವಲ್ಪ ಟಾಯ್ಲೆಟ್ ಕ್ಲೀನರ್ ಬಳಸುವುದರಿಂದ ಏನೂ ಆಗುವುದಿಲ್ಲ, ಅಷ್ಟು ನೀರಿನಲ್ಲಿ ಅದು ತೆಳುವಾಗಿಬಿಡುತ್ತದೆ. ನಿವಾಸಿಗಳಿಗೆ ಸುಮ್ನೆ ನೋಟಿಸ್ ಅಂಟಿಸಬೇಡಿ. ಹುಡುಕಬೇಕಾದದ್ದು ಒಂದೇ ಹೊತ್ತಿನಲ್ಲಿ ಒಂದೇ ಕಡೆಯಿಂದ ಬರುವ ದೊಡ್ಡ ಪ್ರಮಾಣವನ್ನು. ಸಂಪ್ ಅಥವಾ ಓವರ್‌ಹೆಡ್ ಟ್ಯಾಂಕ್ ತೊಳೆದ ಬ್ಲೀಚಿಂಗ್ ನೀರು ಎಲ್ಲಿಗೆ ಹೋಯಿತು? ಹೌಸ್‌ಕೀಪಿಂಗ್‌ನವರು ಬೇಸ್‌ಮೆಂಟ್ ಆಸಿಡ್ ಹಾಕಿ ಉಜ್ಜಿದರಾ? ಈಜುಕೊಳದ ಫಿಲ್ಟರ್ ಬ್ಯಾಕ್‌ವಾಶ್ ಯಾವ ಚೇಂಬರಿಗೆ ಸೇರುತ್ತದೆ? ಫ್ಲ್ಯಾಟಿನ ಒಳಾಂಗಣ ಕೆಲಸದವರು ಥಿನ್ನರ್ ಎಲ್ಲಿ ಸುರಿದರು?

ಗಡಸು ನೀರನ್ನು ಮೆದು ಮಾಡುವ ಸಾಫ್ಟ್‌ನರ್ ಕಡೆಗೆ ಯಾರೂ ನೋಡುವುದಿಲ್ಲ. ಅದರೊಳಗಿನ ರಾಳವನ್ನು ಉಪ್ಪುನೀರಿನಿಂದ ತೊಳೆದಾಗಲೆಲ್ಲ (ಇದೇ ರೀಜನರೇಶನ್) ಬರುವ ಗಟ್ಟಿ ಉಪ್ಪುನೀರು ಅನೇಕ ಕಡೆ ನೇರವಾಗಿ ಎಸ್‌ಟಿಪಿಗೇ ಇಳಿಯುತ್ತದೆ. ಒಮ್ಮೆಲೇ ಬಂದ ಉಪ್ಪಿಗೆ ಜೀವಿಗಳು ತತ್ತರಿಸುತ್ತವೆ. ಜೊತೆಗೆ ಇನ್ನೊಂದು ತೊಂದರೆ ಇದೆ. ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಅಂಟಿಕೊಂಡು ಗುಂಪಾಗಲು ಕ್ಯಾಲ್ಸಿಯಂ, ಮೆಗ್ನೀಸಿಯಂ ನೆರವಾಗುತ್ತವೆ. ಸೋಡಿಯಂ ಜಾಸ್ತಿಯಾದರೆ ಆ ಹಿಡಿತ ಸಡಿಲವಾಗುತ್ತದೆ. ಸ್ಲಡ್ಜ್ ಸರಿಯಾಗಿ ಕೂರುವುದಿಲ್ಲ, ಸ್ಲಡ್ಜ್ ತಳಕ್ಕೆ ಕೂರುವ ಮುಂದಿನ ಟ್ಯಾಂಕಿನ, ಅಂದರೆ ಕ್ಲಾರಿಫೈಯರಿನ ನೀರು ಮಸುಕಾಗುತ್ತದೆ. ಪ್ರತಿ ಸಲ ರೀಜನರೇಶನ್ ಆದ ಮರುದಿನವೇ ನೀರು ಕೆಡುತ್ತಿದೆಯಾ ಅಂತ ಲಾಗ್ ಬುಕ್ಕಿನಲ್ಲಿ ತಾಳೆ ನೋಡಿ. ತಾಳೆ ಆದರೆ ಆ ಉಪ್ಪುನೀರನ್ನು ಬೇರೆ ಟ್ಯಾಂಕಿನಲ್ಲಿ ಹಿಡಿದಿಡಿ. ಈಕ್ವಲೈಸೇಶನ್ ಟ್ಯಾಂಕಿಗೆ ಸಣ್ಣಗೆ ಬಿಟ್ಟರೆ ಒಮ್ಮೆಲೇ ಬೀಳುವ ಪೆಟ್ಟಾದರೂ ತಪ್ಪುತ್ತದೆ. ಆದರೂ ಸೋಡಿಯಂ ಒಳಗೇ ಬರುತ್ತದೆ, ಹಾಗಾಗಿ ಎಸ್‌ಟಿಪಿಯಿಂದ ಪೂರ್ತಿ ಹೊರಗಿಡುವ ದಾರಿ ಇದ್ದರೆ ಅದೇ ಒಳ್ಳೆಯದು.

ಮೈಕ್ರೋಸ್ಕೋಪ್ ಇದ್ದರೆ ಒಂದು ಹನಿ ಹಾಕಿ ನೋಡಿ. ಶಾಲೆಯ ಮಟ್ಟದ್ದು ಸಾಕು, 100 ಪಟ್ಟು ದೊಡ್ಡದು ಮಾಡಿದರೆ ಆಯಿತು. ಉದ್ದ ಕಾಂಡದ ತುದಿಯಲ್ಲಿ ಗಂಟೆಯಂತೆ ತೂಗುವ ವೋರ್ಟಿಸೆಲ್ಲಾ ಎಂಬ ಸೂಕ್ಷ್ಮಜೀವಿ ಕಾಣಬೇಕು. ಬಾಯಿಯ ಸುತ್ತಲಿನ ಕೂದಲು ಆಡಿಸುತ್ತಾ ಸುಳಿ ಎಬ್ಬಿಸುತ್ತದೆ, ಸ್ಲೈಡ್ ಅಲುಗಿದರೆ ಕಾಂಡ ಸ್ಪ್ರಿಂಗಿನಂತೆ ಸುತ್ತಿಕೊಂಡು ಕುಗ್ಗುತ್ತದೆ. ಕಾಂಡ ಮಾತ್ರ ಉಳಿದು ತಲೆ ಕಳಚಿಹೋಗಿದ್ದರೆ, ಇಲ್ಲವೇ ಎಲ್ಲವೂ ಸ್ತಬ್ಧವಾಗಿದ್ದರೆ ಪೆಟ್ಟು ಬಿದ್ದಿದೆ. ಬ್ಯಾಕ್ಟೀರಿಯಾ ಪೂರ್ತಿ ಸೋಲುವ ಮೊದಲೇ ಇವು ಸುಳಿವು ಕೊಡುತ್ತವೆ.

ಊಟ ಮತ್ತು ವಯಸ್ಸು

ಒಂದು ಲೀಟರ್ ಅಳತೆ ಜಾಡಿಯಲ್ಲಿ ಏರೇಶನ್ ಟ್ಯಾಂಕಿನ ನೀರು ತುಂಬಿ 30 ನಿಮಿಷ ಅಲುಗಿಸದೆ ಬಿಡುವ ಪರೀಕ್ಷೆ ಎಲ್ಲ ಆಪರೇಟರಿಗೂ ಗೊತ್ತು. 350 ಮಿಲಿ ಕೂತರೆ 350 ಅಂತ ಬರೆದು ಮುಗಿಸುತ್ತಾರೆ. ಆ ಅಂಕಿಯೊಂದರಿಂದ ಏನೂ ತಿಳಿಯುವುದಿಲ್ಲ. ಅದನ್ನು ಸಾವಿರದಿಂದ ಗುಣಿಸಿ ಎಂಎಲ್‌ಎಸ್‌ಎಸ್‌ನಿಂದ, ಅಂದರೆ ಒಂದು ಲೀಟರ್ ಏರೇಶನ್ ನೀರಿನಲ್ಲಿ ಎಷ್ಟು ಮಿಲಿಗ್ರಾಂ ಸ್ಲಡ್ಜ್ ಇದೆ ಎಂಬ ಅಂಕಿಯಿಂದ ಭಾಗಿಸಿ. ಎಂಎಲ್‌ಎಸ್‌ಎಸ್ 3,500 ಇದ್ದು 350 ಕೂತಿದ್ದರೆ ಉತ್ತರ 100, ಚೆನ್ನಾಗಿದೆ. ಅದೇ 3,500ಕ್ಕೆ 700 ನಿಂತರೆ ಉತ್ತರ 200. ಎಳೆ ಎಳೆಯಾಗಿ ಬೆಳೆಯುವ ಬ್ಯಾಕ್ಟೀರಿಯಾ ಮೇಲುಗೈ ಪಡೆದು ಸ್ಲಡ್ಜ್ ಹತ್ತಿಯಂತೆ ಉಬ್ಬಿದೆ. ಗಾಳಿ ಕಮ್ಮಿಯಾದಾಗ, ಊಟ ಕಮ್ಮಿಯಾದಾಗ, ಕೊಳೆತ ಕೊಳಚೆ ಬಂದಾಗ ಇವು ಗೆಲ್ಲುತ್ತವೆ, ಯಾಕೆಂದರೆ ಚಾಚಿಕೊಂಡ ಎಳೆಗೆ ಕೊರತೆಯಲ್ಲೂ ಸ್ವಲ್ಪ ಸಿಗುತ್ತದೆ. ಉತ್ತರ 100 ಇದ್ದು 700 ಕೂತಿದ್ದರೆ ಕಥೆ ಬೇರೆ. ಆಗ ಎಂಎಲ್‌ಎಸ್‌ಎಸ್ 7,000 ಇರುತ್ತದೆ, ಸ್ಲಡ್ಜ್ ಹೊರಗೆ ಹಾಕದೆ ತುಂಬಿಸಿಟ್ಟಿದ್ದೀರಿ. ಸ್ಲಡ್ಜ್ ಹಿಂಡಿ ನೀರು ತೆಗೆಯುವ ಫಿಲ್ಟರ್ ಪ್ರೆಸ್ ಕೆಟ್ಟು ಮೂಲೆ ಸೇರಿದ ಪ್ಲಾಂಟುಗಳ ಸಾಮಾನ್ಯ ಕಾಯಿಲೆ ಇದು.

ಜಾಡಿಯನ್ನು ಅಲ್ಲಿಗೇ ಚೆಲ್ಲಬೇಡಿ. ಇನ್ನೊಂದೆರಡು ಗಂಟೆ ಬಿಡಿ. ಕೂತ ಸ್ಲಡ್ಜ್ ಹೆಪ್ಪು ಹೆಪ್ಪಾಗಿ ಮೇಲೆ ತೇಲಿಬಂದರೆ ಅದು ಉಬ್ಬುವಿಕೆ ಅಲ್ಲ, ಸಾರಜನಕದ ಗುಳ್ಳೆ ಎತ್ತುತ್ತಿದೆ. ಕಡ್ಡಿಯಿಂದ ತಟ್ಟಿದರೆ ಗುಳ್ಳೆ ಬಿಟ್ಟು ಮತ್ತೆ ಮುಳುಗುತ್ತದೆ. ಕ್ಲಾರಿಫೈಯರಿನಲ್ಲೂ ಅದೇ ಆಗುತ್ತಿರುತ್ತದೆ. ಮದ್ದು ಸುಲಭ: ಕೂತ ಸ್ಲಡ್ಜನ್ನು ಏರೇಶನ್ ಟ್ಯಾಂಕಿಗೆ ವಾಪಸ್ ಕಳಿಸುವ ರಿಟರ್ನ್ ಪಂಪನ್ನು ಇನ್ನಷ್ಟು ಹೊತ್ತು ಓಡಿಸಿ, ಸ್ಲಡ್ಜ್ ಅಲ್ಲಿ ಕೂತು ಕಾಲ ಕಳೆಯದಂತೆ ನೋಡಿಕೊಳ್ಳಿ.

ದಸರಾ, ಬೇಸಿಗೆ ರಜೆಗೆ ಅರ್ಧ ಅಪಾರ್ಟ್‌ಮೆಂಟ್ ಊರಿಗೆ ಹೋದಾಗ ಊಟ ಕಮ್ಮಿಯಾಗುತ್ತದೆ. ಆಗ ಬೆಲ್ಲ ಕದಡಿ ಹಾಕುವುದುಂಟು. ಕೆಲವು ದಿನಕ್ಕಾದರೆ ಏನೂ ಹಾಕದೆ ಗಾಳಿ ತಗ್ಗಿಸಿದರೆ ಸಾಕು. ಯೂರಿಯಾ, ಡಿಎಪಿ ಹಾಕುವುದಂತೂ ದುಡ್ಡು ಚರಂಡಿಗೆ. ನೂರು ಪಾಲು ಬಿಒಡಿಗೆ (ಬ್ಯಾಕ್ಟೀರಿಯಾ ತಿನ್ನಬಲ್ಲ ಕೊಳೆಯ ಅಳತೆ ಅದು) ಐದು ಪಾಲು ಸಾರಜನಕ, ಒಂದು ಪಾಲು ರಂಜಕ ಸಾಕು. ಮನೆಯ ಕೊಳಚೆಯಲ್ಲಿ ಅದಕ್ಕಿಂತ ಜಾಸ್ತಿಯೇ ಇರುತ್ತದೆ.

ಪಿಎಚ್ ಮತ್ತು ಅಮೋನಿಯಾ

ನೀರು ತಿಳಿಯಾಗಿದೆ, ವಾಸನೆ ಇಲ್ಲ, ಬಿಒಡಿ ಸರಿ ಇದೆ, ಅಮೋನಿಯಾ ಮಾತ್ರ ಇಳಿಯುತ್ತಿಲ್ಲ. ಇತ್ತೀಚೆಗೆ ಜಾಸ್ತಿ ಕೇಳಿಬರುವ ದೂರು ಇದೇ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾಗಳು ಬೇರೆಯವು, ನಿಧಾನವಾಗಿ ಬೆಳೆಯುವಂಥವು, ಮುಟ್ಟಿದರೆ ಮುನಿಯುವ ಜಾತಿ. ಗಾಳಿ, ವಿಷ ಎರಡೂ ಸರಿ ಇದ್ದರೆ ಕ್ಷಾರೀಯತೆ, ಅಂದರೆ ನೀರು ಹುಳಿಯಾಗದಂತೆ ತಡೆಯುವ ಶಕ್ತಿ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿ.

1 ಮಿಲಿಗ್ರಾಂ ಅಮೋನಿಯಾ ಸಾರಜನಕ ಮುಗಿಸಲು ಅವಕ್ಕೆ 4.57 ಮಿಲಿಗ್ರಾಂ ಆಮ್ಲಜನಕ ಬೇಕು. ಜೊತೆಗೆ 7.14 ಮಿಲಿಗ್ರಾಂ ಕ್ಷಾರೀಯತೆ ಖಾಲಿಯಾಗುತ್ತದೆ. ಕೊಳಚೆಯಲ್ಲಿ ಲೀಟರಿಗೆ 40 ಮಿಲಿಗ್ರಾಂ ಅಮೋನಿಯಾ ಸಾರಜನಕ ಇದ್ದರೆ 285ರಷ್ಟು ಕ್ಷಾರೀಯತೆ ಹೋಯಿತು. ಬರುವ ನೀರಿನಲ್ಲಿ ಇರುವುದೇ 250 ಅಂದರೆ ಅರ್ಧ ದಾರಿಯಲ್ಲಿ ಪಿಎಚ್ ಕುಸಿದು ನೀರು ಹುಳಿಯಾಗುತ್ತದೆ, 6.5ರ ಕೆಳಗೆ ಅವು ಕೈಚೆಲ್ಲುತ್ತವೆ. ಗಡಸು ಬೋರ್‌ವೆಲ್ ನೀರಿದ್ದಾಗ ಸಾಮಾನ್ಯವಾಗಿ ಈ ಕೊರತೆ ಬರುತ್ತಿರಲಿಲ್ಲ. 2024ರ ಅಕ್ಟೋಬರಿನಲ್ಲಿ ಬೆಂಗಳೂರಿಗೆ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಬಂದ ಮೇಲೆ ಬೋರ್‌ವೆಲ್, ಟ್ಯಾಂಕರ್ ಬಿಟ್ಟು ಕಾವೇರಿಗೆ ಬದಲಾದವರು ಇದನ್ನೊಮ್ಮೆ ಅಳೆಸುವುದು ಒಳ್ಳೆಯದು. ಕುಡಿಯಲು ಚೆನ್ನಾದ ನೀರು ಎಸ್‌ಟಿಪಿಗೆ ಸ್ವಲ್ಪ ಸಪ್ಪೆ. ಅದೇ ವರ್ಷದ ನೀರಿನ ಬರದಲ್ಲಿ ನಲ್ಲಿಗೆ ನೀರು ಉಳಿಸುವ ಏರೇಟರ್ ಹಾಕಿಸಿದ್ದರ ಪರಿಣಾಮವನ್ನೂ ಸೇರಿಸಿಕೊಳ್ಳಿ. ನೀರು ಕಮ್ಮಿಯಾಯಿತು, ಮೂತ್ರ ಕಮ್ಮಿಯಾಗಲಿಲ್ಲ. ಅಮೋನಿಯಾ ಗಟ್ಟಿಯಾಯಿತು.

ಅಡುಗೆ ಸೋಡಾ ಅಥವಾ ಸೋಡಾ ಆಶ್ ನೀರಿನಲ್ಲಿ ಕರಗಿಸಿ ಸ್ವಲ್ಪ ಸ್ವಲ್ಪವಾಗಿ ಬಿಡಿ, ಹೊರಹೋಗುವ ನೀರಿನಲ್ಲಿ ಕ್ಷಾರೀಯತೆ 80ರಿಂದ 100 ಉಳಿಯುವಷ್ಟು. ಸುಣ್ಣ ಅಗ್ಗ, ಆದರೆ ಕೈ ಜಾರಿದರೆ ಪಿಎಚ್ ಹಾರುತ್ತದೆ, ಪೈಪಿನಲ್ಲಿ ಪೊರೆ ಕಟ್ಟುತ್ತದೆ.

ಅಮೋನಿಯಾ ಏರಿದ್ದು ಲ್ಯಾಬಿಗಿಂತ ಮೊದಲು ಶುದ್ಧವಾದ ನೀರಿಗೆ ಹಾಕುವ ಹೈಪೋ, ಅಂದರೆ ಕ್ಲೋರಿನ್ ದ್ರಾವಣದ ಡ್ರಮ್ಮಿಗೆ ಗೊತ್ತಾಗುತ್ತದೆ. 1 ಮಿಲಿಗ್ರಾಂ ಅಮೋನಿಯಾ ಸಾರಜನಕ ಎಂಟರಿಂದ ಹತ್ತು ಮಿಲಿಗ್ರಾಂ ಕ್ಲೋರಿನ್ ನುಂಗುತ್ತದೆ. ಡ್ರಮ್ ಮಾಮೂಲಿಗಿಂತ ಬೇಗ ಖಾಲಿಯಾಗುತ್ತಿದ್ದರೆ ಸ್ಟೋರಿನವರ ಮೇಲೆ ಅನುಮಾನ ಪಡುವ ಮೊದಲು ಅಮೋನಿಯಾ ಅಳೆಯಿರಿ.

ಮಳೆ

ಮಳೆನೀರು ಎಸ್‌ಟಿಪಿಗೆ ಬರಲೇಬಾರದು. ಬಂದರೆ ಸ್ಲಡ್ಜ್ ಕೊಚ್ಚಿಹೋಗುತ್ತದೆ. ಟೆರೇಸಿನ ಪೈಪು, ಮುಚ್ಚಳ ಒಡೆದ ಚೇಂಬರ್ ಹುಡುಕಿ ಮುಚ್ಚಿ. ಜೋರು ಮಳೆಯ ಹೊತ್ತಿನಲ್ಲಿ ಪಂಪಿನ ವೇಗ ತಗ್ಗಿಸಿ ಈಕ್ವಲೈಸೇಶನ್ ಟ್ಯಾಂಕಿನಲ್ಲೇ ಹಿಡಿದಿಡಿ.

ಹೊಸ ಸ್ಲಡ್ಜ್ ಬೇಕೇ ಬೇಕು ಅಂದಾಗ

ವಿಷ ಬಿದ್ದು ಎಲ್ಲ ಸತ್ತಿವೆ ಅಥವಾ ಮಳೆಗೆ ಕೊಚ್ಚಿಹೋಗಿವೆ, ಕಾರಣವೂ ಸಿಕ್ಕಿದೆ, ಸರಿಯೂ ಆಗಿದೆ. ಈಗ ಬೀಜ ಹಾಕಬಹುದು. ಸಗಣಿ ಬೇಡ. ಹಸುವಿನ ಹೊಟ್ಟೆಯಲ್ಲಿ ಗಾಳಿ ಇಲ್ಲದೆ ಬದುಕಿದ ಜೀವಿಗಳು ಅವು, ನಾರು ಬೇರೆ ಜಾಸ್ತಿ, ಪಂಪು ಕಟ್ಟಿಕೊಳ್ಳುತ್ತದೆ. ಪಕ್ಕದ ಯಾವುದಾದರೂ ಅಪಾರ್ಟ್‌ಮೆಂಟಿನ ಚೆನ್ನಾಗಿ ನಡೆಯುವ ಎಸ್‌ಟಿಪಿಯ ರಿಟರ್ನ್ ಸ್ಲಡ್ಜ್ ಒಂದು ಟ್ಯಾಂಕರ್ ತಂದು ಹಾಕಿ. ಅವರಿಗೆ ಅದು ಎಸೆಯುವ ವಸ್ತು, ಕೇಳಿದರೆ ಖುಷಿಯಿಂದ ಕೊಡುತ್ತಾರೆ. ತರುವ ಮೊದಲು ಅಲ್ಲೂ ಜಾಡಿ ಪರೀಕ್ಷೆ ಮಾಡಿ, ಉಬ್ಬಿದ ಸ್ಲಡ್ಜ್ ತಂದರೆ ಕಾಯಿಲೆಯೂ ಜೊತೆಗೆ ಬರುತ್ತದೆ. ತಂದು ಹೆಚ್ಚು ಹೊತ್ತು ಟ್ಯಾಂಕರಿನಲ್ಲಿ ಇಡಬೇಡಿ, ಒಳಗೆ ಗಾಳಿ ಇರುವುದಿಲ್ಲ.

ಹಾಕಿದ ಮೇಲೆ ಕೊಳಚೆಯನ್ನು ಮೊದಲ ದಿನಗಳಲ್ಲಿ ಕಮ್ಮಿ ಬಿಟ್ಟು ಮೆಲ್ಲಗೆ ಏರಿಸಿ. ವಾಸನೆ ಮೊದಲು ಹೋಗುತ್ತದೆ. ಬಿಒಡಿ ಒಂದು ವಾರದ ಆಸುಪಾಸಿನಲ್ಲಿ ಇಳಿಯತೊಡಗುತ್ತದೆ. ಅಮೋನಿಯಾಕ್ಕೆ ಎರಡು ಮೂರು ವಾರ ಕೊಡಬೇಕು, ಆ ಅವಧಿಯಲ್ಲಿ ಸ್ಲಡ್ಜ್ ಹೊರಗೆ ಹಾಕುವುದನ್ನು ಆದಷ್ಟು ನಿಲ್ಲಿಸಿ. ಅಷ್ಟರಲ್ಲಿ ಅಸೋಸಿಯೇಷನ್ನಿನವರು ಯಾರಾದರೂ ಪುಡಿಯ ಡಬ್ಬ ತಂದು ಕೊಟ್ಟರೆ ತೆಗೆದಿಟ್ಟುಕೊಳ್ಳಿ, ಜಗಳ ಬೇಡ. ಬಾಟಲಿ ಪರೀಕ್ಷೆಯ ಅಂಕಿಗಳನ್ನು ಮಾತ್ರ ದಿನಾ ಬರೆದಿಡಿ.